ನಡೆದುಹೋದ ಬಾಣದ ಗುರುತು

ಬೇಸಿಗೆ ಆಗತಾನೆ ಕಾಲಿಟ್ಟಿತ್ತು. ಬೆಳಗಿನ ಹೊತ್ತು, ಬಿಸಿಲಿನ್ನೂ ಮರದ ತುದಿಯಲ್ಲೇ ಇತ್ತು. ತಮ್ಮನ ಲಾರಿಯಿಂದ ಅವಳು ಮೊದಲು ಇಳಿಸಿಕೊಂಡದ್ದು ಹೊಲಿಗೆ ಮೆಷಿನ್ನು, ಆಮೇಲೆ ಅತ್ತೆಯನ್ನು. ಗಂಡ ಬಣ್ಣದ ಡಬ್ಬಗಳನ್ನು ಎದೆಗವಚಿಕೊಂಡು ತಾನೇ ಇಳಿದ. ಮಗಳು ಲಾರಿ ನಿಲ್ಲುತ್ತಲೇ ಹಾರಿ, "ಇಲ್ಲಿ ಬೀದಿ ಯಾಕಿಲ್ಲ?" ಎಂದಳು. ಮಾತಿಗೊಮ್ಮೆ ಯಾಕೆ ಯಾಕೆ ಎನ್ನುವ ಆ ಹುಡುಗಿಗೆ ಅಜ್ಜಿ 'ಯಾಕಿ' ಎಂದೇ ಹೆಸರಿಟ್ಟಿದ್ದಳು.

ಗಂಡ ಪಟ್ಟಣದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಬೋರ್ಡುಗಳೆಲ್ಲ ಮೆಷಿನ್ನಿನಲ್ಲೇ ಅಚ್ಚಾಗಿ ಬರತೊಡಗಿದ ಮೇಲೆ ಅವನ ಕುಂಚಕ್ಕೆ ಕೆಲಸವಿಲ್ಲದಾಯಿತು. ಹಳೆಯ ಗಿರಾಕಿಯೊಬ್ಬರು, ಕಾಡಿನ ನಡುವೆ ನಮ್ಮದೊಂದು ತಗಡಿನ ಮನೆ ಖಾಲಿ ಬಿದ್ದಿದೆ, ಸುತ್ತ ಒಂದಿಷ್ಟು ನೆಲವೂ ಇದೆ, ಏನಾದರೂ ಬೆಳೆದುಕೊಂಡು ಇರಿ ಎಂದರು. ಅವನು ಹೂಂ ಅಂದುಬಿಟ್ಟ. ಅವಳು ಅನ್ನಲಿಲ್ಲ. ಮನೆಯ ಕೆಳಗಿನ ಹಳ್ಳವೊಂದೇ ಅಲ್ಲಿ ನೀರಿಗೆ ಗತಿ ಎಂದು ತಿಳಿದಾಗ ಒಂದೇ ಮಾತು ಹೇಳಿದ್ದಳು. "ನೋಡಿ, ಹಳ್ಳ ಬತ್ತಿದ ವಾರವೇ ನಾನೂ ಮಗಳೂ ಲಾರಿ ಹತ್ತಿಬಿಡ್ತೀವಿ. ಆಮೇಲೆ ನೀವುಂಟು, ನಿಮ್ಮ ಕಾಡುಂಟು." ದಿನಸಿ ತಂದು ಇಳಿಸಲು ತಮ್ಮ ಭಾನುವಾರ ಭಾನುವಾರ ಬರುತ್ತೇನೆ ಎಂದಿದ್ದ.

ಕಾಡಿನಲ್ಲಿ ಅವರಿಗೆ ಮೊದಲು ಎದುರಾದ ಕಷ್ಟ ಮೃಗಗಳದ್ದಲ್ಲ, ದಾರಿಯದ್ದು. ತಿರುವಿಗೊಂದು ಬೋರ್ಡು ನೋಡಿ ಬೆಳೆದ ಕಣ್ಣಿಗೆ ಎಲ್ಲ ಮರವೂ ಒಂದೇ ಥರ. ಹಳ್ಳಕ್ಕೆ ಹೋದ ಅತ್ತೆ ಕೊಡ ಹೊತ್ತುಕೊಂಡು ಮನೆಯ ಸುತ್ತಲೇ ತಿರುತಿರುಗಿ ಸುಸ್ತಾಗಿ ಕೂತದ್ದೂ ಆಯಿತು. ಗಂಡ ಕೆಂಪು ಬಣ್ಣದ ಡಬ್ಬ ಬಿಚ್ಚಿದ. ಕಲ್ಲು ಕಂಡಲ್ಲೆಲ್ಲ ಒಂದು ಬಾಣದ ಗುರುತು, ಕೆಳಗೆ ಮುದ್ದಾದ ಅಕ್ಷರದಲ್ಲಿ 'ಹಳ್ಳ', ಇಲ್ಲವೇ 'ಮನೆ'. ಕೈ ಕುದುರಿದ ಮೇಲೆ ನಿಲ್ಲುವುದುಂಟೇ? ಒಲೆಯ ಮೇಲಿನ ಗೋಡೆಗೆ 'ಅಡುಗೆಮನೆ' ಎಂದೂ ಬರೆದ.

"ನನ್ನ ಹಣೆಗೂ ಬರೆದುಬಿಡೋ, ಅಮ್ಮ ಅಂತ. ಮರೆತುಗಿರೆತುಬಿಟ್ಟೀಯ," ಎಂದಳು ಅತ್ತೆ.

ಬಿಸಿಲು ಬಲಿತ ಹಾಗೆ ಹಳ್ಳ ಸೊರಗಿತು. ಹರಿಯುತ್ತಿದ್ದದ್ದು ನಿಂತಿತು, ನಿಂತದ್ದು ಕೆಸರಾಯಿತು. ನೀರಿನ ಗುಂಡಿ ಕೆಳಕೆಳಗೆ ಸರಿದಂತೆ ಬಾಣಗಳೂ ಬೆನ್ನು ಹತ್ತಿ ಸರಿದವು. ಕೊನೆಯ ಗುಂಡಿಯ ಕೆಸರಲ್ಲಿ ಅರ್ಧ ಹೂತಿದ್ದ ಒಂದು ದುಂಡು ಕಲ್ಲಿನ ಮೇಲೆ ಗಂಡ ಮುಸ್ಸಂಜೆಯಲ್ಲಿ ಬಾಣ ಎಳೆದು 'ಮನೆ' ಎಂದು ಬರೆದು ಬಂದ. ಮುಂದಿನ ಭಾನುವಾರ ನಾವೂ ಬರ್ತೀವಿ ಎಂದು ತಮ್ಮನಿಗೆ ಹೇಳಿ ಕಳಿಸಿ, ಆ ವಾರ ಅವಳು ಮಂಚದಡಿಯ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು.

ಶುಕ್ರವಾರ ಬೆಳಿಗ್ಗೆ ಯಾಕಿ ಓಡಿ ಬಂದಳು. "ಅಮ್ಮ, ಕೆಸರಲ್ಲಿದ್ದ ಮನೆ ಕಲ್ಲು ಯಾಕೆ ಬಂಡೆ ಮೇಲಿದೆ?"

ಅವಳು ಅತ್ತೆಯ ಮುಖ ನೋಡಿದಳು.

"ನಾನೇನು ಕಲ್ಲು ಹೊರೋ ವಯಸ್ಸಿನವಳೇನಮ್ಮ?" ಎಂದಳು ಅತ್ತೆ.

"ನಾನು ಹಾಗಂದೆನಾ?"

"ಬಾಯಲ್ಲಿ ಅನ್ನಲಿಲ್ಲ."

ಹಂದಿ ಉರುಳಿಸಿರಬೇಕು ಎಂದು ಗಂಡ ನಕ್ಕ. ಅವಳು ಅದನ್ನು ಒಪ್ಪಲಿಲ್ಲ. ಉರುಳಿದ್ದರೆ ಅಕ್ಷರ ನೆಲಕ್ಕೆ ಮುಖ ಹಾಕಬೇಕಿತ್ತು. ಹೋಗಿ ನೋಡಿದರೆ ಅದು ಆಕಾಶ ನೋಡುತ್ತಿತ್ತು. ಕಲ್ಲಿನ ಮೈಗೆಲ್ಲ ಕೆಸರು ಮೆತ್ತಿ ಒಣಗಿತ್ತು. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಅದರ ಸುತ್ತ ಬಂಡೆಯ ಮೇಲೆ ಗೆರೆ ಎಳೆದಳು. ಪೆಟ್ಟಿಗೆ ತುಂಬುವುದು ಅವತ್ತು ಅರ್ಧಕ್ಕೇ ನಿಂತಿತು.

ಶನಿವಾರ ಎದ್ದವಳೇ ಮುಖ ಕೂಡ ತೊಳೆಯದೆ ಹೋದಳು. ಗೆರೆಯೊಳಗೆ ಏನೂ ಇರಲಿಲ್ಲ. ಬಂಡೆಯಾಚೆ ಧೂಳಿನಲ್ಲಿ ಎರಡು ಸಾಲು ಗುರುತು, ಅಂಚು ಮಡಿಸಿ ಕೈಹೊಲಿಗೆ ಹಾಕಿದ ಹಾಗೆ ಒಂದೇ ಸಮ. ಹೊಲಿಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಬಿಡುವ ಕೈಯಲ್ಲ ಅವಳದು. ಮಗಳ ಕೈ ಹಿಡಿದು ಹೊರಟಳು. ಪೊದೆ ದಾಟಿದ ಮೇಲೆ ಕಲ್ಲು ಸಿಕ್ಕಿತು. ನಡೆಯುತ್ತಿತ್ತು. ಬಾಣ ಹಿಂದಕ್ಕೆ ತೋರಿಸುತ್ತಿತ್ತು, ಕಲ್ಲು ಮುಂದಕ್ಕೆ ಹೋಗುತ್ತಿತ್ತು.

"ಅಮ್ಮ, ಕಲ್ಲಿಗೆ ಕಾಲು ಯಾಕಿದೆ?"

"ಆಮೆ ಕಣೇ ಅದು. ನಿಮ್ಮಪ್ಪ ಆಮೆ ಬೆನ್ನ ಮೇಲೆ ಬೋರ್ಡು ಬರೆದಿದ್ದಾರೆ." ಅವಳಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಸದ್ದಾದರೆ ಆಮೆ ತಲೆ ಒಳಗೆಳೆದುಕೊಂಡೀತೆಂದು ಸೆರಗು ಬಾಯಿಗೊತ್ತಿಕೊಂಡಳು.

ಅದು ನಡೆದಷ್ಟು ಇವರೂ ನಡೆದರು, ಅದು ಕೂತಾಗ ಇವರೂ ಕೂತರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಆಮೆ ಒರಗಿ ನಿಂತ ಎರಡು ಬಂಡೆಗಳ ಸಂದಿಗೆ ನುಗ್ಗಿ ಮಣ್ಣು ಕೆರೆಯತೊಡಗಿತು. ಸುತ್ತೆಲ್ಲ ಸುಟ್ಟ ಹುಲ್ಲು, ಅಲ್ಲೊಂದು ಕಡೆ ಮಾತ್ರ ಹಸಿರು. ಅವಳು ಅಂಗೈ ಒತ್ತಿ ನೋಡಿದಳು. ತಣ್ಣಗಿತ್ತು. ಕೈಯಲ್ಲೇ ಬಗೆದಳು. ಬೆರಳ ಸುತ್ತ ಕೆಂಪು ನೀರು ಮೆಲ್ಲಗೆ ಕೂಡಿಕೊಂಡಿತು.

ಮಗಳು ಕೂಗಿ ಕರೆದಾಗ ಗುದ್ದಲಿ ತಂದ ಗಂಡ ಆಮೆಯನ್ನು ನೋಡಿ ಕಿವಿಯವರೆಗೂ ಕೆಂಪಾದ. "ಕತ್ತಲಾಗಿತ್ತು ಮಾರಾಯ್ತಿ," ಎಂದ.

"ಇಲ್ಲಿಗೂ ಒಂದು ಬಾಣ ಬರೀರಿ," ಎಂದಳು. "ಈ ಸಲ ತಟ್ಟಿ ನೋಡಿ ಬರೀರಿ."

ಸಂಜೆವರೆಗೂ ಅಗೆದರು. ಅವರ ಗಲಾಟೆಗೆ ಬೇಸತ್ತ ಆಮೆ ಯಾವಾಗಲೋ ಎದ್ದು ಹೋಗಿತ್ತು, ಬೆನ್ನ ಮೇಲಿನ 'ಮನೆ' ಹೊತ್ತುಕೊಂಡೇ. ಬೆಳಗಾಗುವಷ್ಟರಲ್ಲಿ ಗುಂಡಿ ತುಂಬಿ ನೀರು ತಿಳಿಯಾಗಿತ್ತು.

"ಪೆಟ್ಟಿಗೆ ಎಲ್ಲಿ ಅಕ್ಕ?" ಎಂದ ತಮ್ಮ, ಲಾರಿಯಿಂದ ಇಳಿಯುತ್ತಲೇ.

"ಮಂಚದಡೀಲಿದೆ. ಬಟ್ಟೆ ತೆಗೆದಿಟ್ಟೆ."

"ಯಾಕೆ?"

"ನೋಡಿದೆಯಾ, ನಿನಗೂ ಯಾಕಿ ಅಂಟಿಕೊಂಡಳು." ಅವಳು ಅವನ ಕೈಗೆ ನೀರಿನ ಲೋಟ ಕೊಟ್ಟಳು. "ಈ ನೀರು ಆ ಬಂಡೆ ಕೆಳಗೆ ಎಲ್ಲಿಂದ ಬರುತ್ತೆ ಅಂತ ನೋಡಬೇಕು ಕಣೋ. ನೋಡದೆ ಹೇಗೆ ಬರಲಿ?"

"ಭಾವನ ಹುಚ್ಚು ನಿನಗೂ ಹತ್ತಿತು," ಎಂದು ಅವನು ಲೋಟ ಬರಿದು ಮಾಡಿ, ಇನ್ನೊಂದು ಕೇಳಿದ.

ಆ ಭಾನುವಾರ ಲಾರಿ ಹತ್ತಿ ಹೋದವನು ತಮ್ಮ ಒಬ್ಬನೇ.