ಕೊಳದ ಬಳಿ ನಿಂತಿದ್ದವನು

"ಎಡಗಡೆಯವರು ಸ್ವಲ್ಪ ಎತ್ತಿ. ಎತ್ತಿ ಅಂದ್ನಲ್ಲ. ಗೋಡೆಗೆ ತಾಗುತ್ತೆ."

ಎರಡನೆಯ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲಿನ ಮೆಟ್ಟಿಲ ಮೇಲೆ ನಿಂತು ಅಪ್ಪಣೆ ಕೊಡುತ್ತಿದ್ದವನು ತೀರಿಕೊಂಡವನ ಹೆಂಡತಿಯ ತಮ್ಮ; ಹೊರುತ್ತಿದ್ದ ನಾಲ್ವರೂ ಸ್ಟುಡಿಯೋದವರು. ಎತ್ತಿದರೂ ಪೆಟ್ಟಿಗೆಯ ಮೂಲೆ ಗೋಡೆಗೆ ತಾಗಿಯೇ ತಾಗಿತು. ಅಂಗೈಯಗಲ ಸುಣ್ಣ ಕಿತ್ತುಬಂದು ಮೆಟ್ಟಿಲ ಮೇಲೆ ಉದುರಿತು.

"ಹೋಗ್ತಾ ಹೋಗ್ತಾನೂ ಒಂದು ಗೋಡೆ ಪರೀಕ್ಷೆ ಮಾಡಿಯೇ ಹೋದ್ರು," ಎಂದಳು ಹಿಂದೆ ಹೂವಿನ ಬುಟ್ಟಿ ಹಿಡಿದು ಬರುತ್ತಿದ್ದ ಸ್ಟುಡಿಯೋದ ಚಿತ್ರಗಾರ್ತಿ. ಹೊರುತ್ತಿದ್ದವರಲ್ಲಿ ಒಬ್ಬ ನಕ್ಕುಬಿಟ್ಟ. ನಕ್ಕಿದ್ದಕ್ಕೆ ನಾಚಿಕೆಪಟ್ಟು ಕೆಮ್ಮಿದ.

ಮುಂದಿನ ಎಡ ಹೆಗಲು ಕೊಟ್ಟವನು ಸ್ಟುಡಿಯೋದ ಮುಖ್ಯಸ್ಥ. ಅವನಿಗೆ ನಗು ಬರಲಿಲ್ಲ. "ನಿಧಾನ. ಹಿಂದಿನವರು ಒಂದು ಮೆಟ್ಟಿಲು ಅಲ್ಲೇ ನಿಲ್ಲಿ," ಎಂದಷ್ಟೇ ಹೇಳಿದ. ಬೆಳಗ್ಗೆಯಿಂದ ಆ ಮನೆಯಲ್ಲಿ ಅವನು ಬಾಯಿ ಬಿಟ್ಟಿದ್ದು ಅದೇ ಮೊದಲು.

ಮೇಲೆ ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದ ಹೆಂಡತಿ ಆ ದನಿ ಕೇಳಿ ತಟ್ಟನೆ ತಲೆ ಎತ್ತಿದಳು. ಅಷ್ಟು ಹೊತ್ತು ಪೆಟ್ಟಿಗೆಯನ್ನೇ ನೋಡುತ್ತಿದ್ದವಳು ಈಗ ಅವನನ್ನು ನೋಡತೊಡಗಿದಳು. ಅವನು ಕಣ್ಣು ತಪ್ಪಿಸಿದ. ಪೆಟ್ಟಿಗೆ ಬಿಡಿಸಿಕೊಂಡು ಕೆಳಗಿಳಿದು, ವ್ಯಾನಿನ ಹಿಂಬಾಗಿಲು ತೆರೆಯುವ ಹೊತ್ತಿಗೆ ಅವಳೂ ಇಳಿದು ಬಂದು ಅವನ ಪಕ್ಕದಲ್ಲಿ ನಿಂತಿದ್ದಳು.

"ಎಲ್ಲಾ ಮುಗಿಸ್ಕೊಂಡು ಮನೆಗೆ ಬನ್ನಿ," ಎಂದಳು. "ಹಾಗೇ ಹೋಗ್ಬಿಡ್ಬೇಡಿ."

"ಆಗ್ಲಿ ಅತ್ತಿಗೆ," ಎಂದ. ಅವನ ಎದೆ ಧಸಕ್ಕೆಂದಿತ್ತು. ಹಿಂದೊಮ್ಮೆ ಈ ಮನೆಗೆ ಊಟಕ್ಕೆ ಬಂದದ್ದು ಬಿಟ್ಟರೆ ಇವಳ ಪರಿಚಯವೇ ಅವನಿಗೆ ಸರಿಯಾಗಿ ಇರಲಿಲ್ಲ. ಅದೂ ಎಷ್ಟೋ ವರ್ಷದ ಮಾತು.

ಎದೆ ಹಾಗೆ ಹೊಡೆದುಕೊಳ್ಳಲು ಬೇರೆ ಕಾರಣವೂ ಇತ್ತು. ಪೆಟ್ಟಿಗೆಯಲ್ಲಿದ್ದ ಮನುಷ್ಯ ತೀರಿಕೊಂಡದ್ದು ಮಂಗಳವಾರ ಮಧ್ಯಾಹ್ನ, ಊಟವಾಗಿ ಕುರ್ಚಿಯಲ್ಲಿ ಕೂತಲ್ಲೇ. ದೂರದಿಂದ ಅವನ ಅಕ್ಕ ಬರಬೇಕಿದ್ದರಿಂದ ಗುರುವಾರದವರೆಗೆ ಕಾದಿದ್ದರು. ಆದರೆ ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಸತ್ತು ಪೂರಾ ಒಂದು ರಾತ್ರಿ ಕಳೆದ ಮೇಲೆ, ಅದೇ ಮನುಷ್ಯ ಮುಖ್ಯಸ್ಥನ ಮಾತನ್ನೆಲ್ಲ ನಿಂತು ಕೇಳಿದ್ದ. ಕೇಳಿ, ಹೂಂ ಎಂದು ತಲೆಯನ್ನೂ ಆಡಿಸಿದ್ದ.

*

ನೀರೂರು ಎಂಬ ಊರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಹೆಡ್‌ಸೆಟ್ಟನ್ನು ಮುಖಕ್ಕೆ ಕಟ್ಟಿಕೊಂಡವರಿಗೆ ಮಾತ್ರ ಕಾಣುವ ಊರದು. ಹನ್ನೊಂದು ವರ್ಷದ ಹಿಂದೆ ಏಳು ಜನ ಸೇರಿ, ಒಂದು ಹಳೆಯ ಬಟ್ಟೆ ಗೋದಾಮಿನ ಮೇಲಂತಸ್ತಿನಲ್ಲಿ ಅದನ್ನು ಕಟ್ಟಿದರು. ಆಟವೆಂದು ಕರೆಯುತ್ತಿದ್ದರೇ ಹೊರತು ಅಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಜನ ಬಂದು ದೋಣಿ ಮಾಡುತ್ತಿದ್ದರು, ತೇಲಿಬಿಡುತ್ತಿದ್ದರು, ಕೊಳದ ಬಳಿ ನಿಂತು ಮನೆಯವರ ಮೇಲೆ ದೂರು ಹೇಳಿಕೊಳ್ಳುತ್ತಿದ್ದರು. ಅಷ್ಟಕ್ಕೇ ಅದನ್ನು ಸಾವಿರಾರು ಮಂದಿ ಹಚ್ಚಿಕೊಂಡುಬಿಟ್ಟಿದ್ದರು.

ಆ ಊರಿನ ಗೋಡೆಗಳನ್ನು ಮುಟ್ಟಿ ನೋಡುವುದು ತೀರಿಕೊಂಡವನ ಕೆಲಸ. ಒಂದೊಂದು ಗೋಡೆ, ಬಾಗಿಲು, ಕಂಬ, ಕಟ್ಟೆಗೂ ಅಂಗೈ ಒತ್ತಿ ನೋಡಬೇಕು. ಕೈ ಒಳಗೆ ತೂರಿಹೋದರೆ ಅಲ್ಲಿ ತೂತು ಇದೆ ಎಂದರ್ಥ. ಗುರುತು ಹಾಕಿಕೊಂಡು ಹೇಳಬೇಕು. ಬೇರೆಯವರಾದರೆ ಆರು ತಿಂಗಳಿಗೆ ತಲೆಕೆಟ್ಟು ಓಡಿಹೋಗುವಂಥ ಕೆಲಸ. ಇವನು ಹನ್ನೊಂದು ವರ್ಷ ಮಾಡಿದ. ಸ್ಟುಡಿಯೋಗೆ ಸ್ಟುಡಿಯೋನೇ ಅವನನ್ನು ಗೋಡೆಯಣ್ಣ ಎಂದು ಕರೆಯುತ್ತಿತ್ತು. "ಗೋಡೆ ಅಂದ್ಮೇಲೆ ತಡೀಬೇಕಪ್ಪ, ಒರಗಿದೋನು ಬೀಳಬಾರದು," ಎನ್ನುತ್ತಿದ್ದ. ಒಮ್ಮೆ ನೀರೂರಿನ ಮೇಜಿಗೆ ಮೊಣಕೈ ಊರಲು ಹೋಗಿ, ಮೇಜು ಆ ಕಡೆಯ ಊರಿನದು ಎಂಬುದನ್ನು ಮರೆತು, ಸ್ಟುಡಿಯೋದ ನೆಲದ ಮೇಲೆ ದೊಪ್ಪನೆ ಬಿದ್ದಿದ್ದ. ತುಟಿ ಒಡೆದಿತ್ತು. ಅವತ್ತಿನ ವರದಿಯಲ್ಲಿ, ಮೇಜು ಸರಿಯಿದೆ, ತಪ್ಪು ನನ್ನದು ಎಂದು ಬರೆದ.

ನಾಲ್ಕು ತಿಂಗಳ ಹಿಂದೆ ಅವನು ಮುಖ್ಯಸ್ಥನ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಬೇರೆ ಊರಿನ ಸ್ಟುಡಿಯೋ ಒಂದು ಅವನನ್ನು ಕರೆದಿತ್ತು. ಹೊಸಬರಿಗೆ ಕೆಲಸ ಕಲಿಸುವುದು, ನಿಲ್ಲುವ ಕೆಲಸ ಕಡಿಮೆ. ಕಾಲುನೋವಿನವನಿಗೆ ಹೇಳಿ ಮಾಡಿಸಿದ ಹಾಗಿತ್ತು. "ನನಗೇನು ಹೋಗೋ ಆಸೆ ಇಲ್ಲ," ಎಂದಿದ್ದ ಗೋಡೆಯಣ್ಣ. "ಆದ್ರೆ ನಿಜ ಹೇಳಪ್ಪ. ಇಲ್ಲಿ ಏನಾದ್ರೂ ಆಗೋದಿದ್ಯಾ?"

ಸ್ಟುಡಿಯೋ ಮುಚ್ಚುವ ಕಾಗದಕ್ಕೆ ಮುಖ್ಯಸ್ಥ ಸಹಿ ಹಾಕಿ ಆಗಲೇ ಹದಿನೈದು ದಿನವಾಗಿತ್ತು. ಕಾಗದ ಅವನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು. ಆದರೆ ನೀರೂರಿನ ಕೊನೆಯ ಬೀದಿ ಇನ್ನೂ ಮುಗಿದಿರಲಿಲ್ಲ. ಮುಚ್ಚುವ ಮೊದಲು ಅದೊಂದನ್ನು ಮುಗಿಸಿ ಜನರಿಗೆ ಕೊಡಬೇಕೆಂಬ ಹಟ ಅವನಿಗಿತ್ತು. ಗೋಡೆಯಣ್ಣ ಹೋದರೆ ಅದು ಮುಗಿಯುವ ಹಾಗಿರಲಿಲ್ಲ.

"ಎಲ್ಲಿಗೂ ಹೋಗ್ಬೇಡಿ ಅಣ್ಣ," ಎಂದ. "ನಾನಿದ್ದೀನಲ್ಲ."

ಗೋಡೆಯಣ್ಣ ಮರುಮಾತಾಡದೆ ಎದ್ದುಹೋಗಿ ಆ ಊರಿನವರಿಗೆ ಬರುವುದಿಲ್ಲವೆಂದು ತಿಳಿಸಿದ. ಮೂರು ತಿಂಗಳಿಗೆ ಕೊನೆಯ ಬೀದಿ ಮುಗಿಯಿತು. ಮರುವಾರ ಎಲ್ಲರನ್ನೂ ನಿಲ್ಲಿಸಿಕೊಂಡು ಮುಖ್ಯಸ್ಥ ಸುದ್ದಿ ಹೇಳಿದ; ಒಂದು ತಿಂಗಳ ನಂತರದ ಗುರುವಾರ ಸಂಜೆ ಆರಕ್ಕೆ ನೀರೂರನ್ನು ನಡೆಸುವ ಸರ್ವರ್ ನಿಲ್ಲುತ್ತದೆ ಎಂದ. ಕೆಲವರು ಅತ್ತರು, ಕೆಲವರು ಬಾಯಿಗೆ ಬಂದಂತೆ ಬೈದರು. ಗೋಡೆಯಣ್ಣ ಬೈಯಲಿಲ್ಲ. ಹೆಡ್‌ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದ. ಅಂದಿನಿಂದ ಫೋನೂ ಎತ್ತಲಿಲ್ಲ. ಆದರೆ ಅವನ ವರದಿಗಳು ಮಾತ್ರ ಮನೆಯಿಂದ ದಿನಾ ಬರುತ್ತಿದ್ದವು. ಇಂಥ ಬೀದಿ, ಇಂಥ ಗೋಡೆ, ಕೈ ತೂರುತ್ತದೆ. ಸರಿಪಡಿಸಲು ಒಬ್ಬನೂ ಉಳಿದಿರದ ಊರಿನಲ್ಲಿ ಅವನು ಒಬ್ಬನೇ ಗೋಡೆ ಮುಟ್ಟುತ್ತ ತಿರುಗುತ್ತಿದ್ದ.

*

ಸ್ಮಶಾನದಿಂದ ಹಿಂದಿರುಗುವಾಗ ವ್ಯಾನಿನಲ್ಲಿ ಚಿತ್ರಗಾರ್ತಿ ಮುಖ್ಯಸ್ಥನ ಎದುರಿಗೆ ಕೂತಳು. ನೀರೂರಿನ ಮರಗಳನ್ನೆಲ್ಲ ಬರೆದವಳು ಅವಳು. ಬೆಳಗ್ಗೆ ಬರುವ ಮೊದಲು ನೀರೂರಿಗೆ ಹೋಗಿಬಂದಳಂತೆ. ಕೊಳದ ಸುತ್ತ ಕಾಲಿಡಲು ಜಾಗವಿಲ್ಲವಂತೆ. ಎಲ್ಲೆಲ್ಲಿಯವರೋ ಬಂದು ಮೌನವಾಗಿ ನಿಂತಿದ್ದಾರಂತೆ.

"ಮಧ್ಯದಲ್ಲಿ ಅವರು ನಿಂತಿದ್ದಾರೆ," ಎಂದಳು.

"ಯಾರು?"

"ಗೋಡೆಯಣ್ಣ. ಅವರ ಹೆಡ್‌ಸೆಟ್ ಯಾರೂ ಆರಿಸಿಲ್ಲ ಅಂತ ಕಾಣುತ್ತೆ. ಪಟ್ಟಿ ಅಂಟಿಸಿರ್ತಾರಲ್ಲ ಅವರು."

ಮುಖ್ಯಸ್ಥ ಕಿಟಕಿಯ ಕಡೆ ತಿರುಗಿದ. ಹೌದು, ಪಟ್ಟಿ. ಅದು ತನಗೆ ಯಾಕೆ ಹೊಳೆಯಲಿಲ್ಲ? ಹೆಡ್‌ಸೆಟ್ ಕಳಚಿ ಕೆಳಗಿಟ್ಟರೆ ಅದು ತಾನಾಗಿ ಮಲಗಿಬಿಡುತ್ತದೆ. ಒಳಗೆ, ಎರಡು ಗಾಜುಗಳ ನಡುವೆ, ಮುಖ ಇದೆಯೋ ಇಲ್ಲವೋ ಎಂದು ನೋಡುವ ಸಾಸಿವೆಯಷ್ಟು ಕಣ್ಣೊಂದಿದೆ. ಪರೀಕ್ಷೆಯ ಕೆಲಸದವರು ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿಬಿಡುತ್ತಾರೆ, ನೀರು ಕುಡಿಯಲು ಎದ್ದಾಗೆಲ್ಲ ಆಟ ಮುಚ್ಚಿಕೊಳ್ಳದಿರಲಿ ಎಂದು. ಪಟ್ಟಿ ಅಂಟಿಸಿದ ಹೆಡ್‌ಸೆಟ್ ತನ್ನೊಳಗೆ ಸದಾ ಒಂದು ಮುಖವಿದೆ ಎಂದೇ ನಂಬಿರುತ್ತದೆ. ಅದನ್ನು ಎಲ್ಲಿಟ್ಟರೆ ಅಲ್ಲಿ ತಲೆ, ಎತ್ತ ತಿರುಗಿಸಿದರೆ ಅತ್ತ ನೋಟ.

ಅಂದರೆ ಬುಧವಾರ ಹನ್ನೊಂದಕ್ಕೆ ಅದನ್ನು ಯಾರೋ ಕೈಯಲ್ಲಿ ಹಿಡಿದಿದ್ದರು. ದೆವ್ವವಲ್ಲ ಎಂದು ಗೊತ್ತಾದಾಗ ಮನಸ್ಸು ಹಗುರಾಗಬೇಕಿತ್ತು. ಆದರೆ ಹಗುರಾಗಲಿಲ್ಲ. ದೆವ್ವವೇ ಆಗಿದ್ದರೆ ಆ ಹೂಂ ಗೋಡೆಯಣ್ಣನದೇ ಆಗಿರುತ್ತಿತ್ತು.

*

ಬುಧವಾರ ಅವನು ನೀರೂರಿಗೆ ಹೋದದ್ದು ಕೊನೆಯ ಸಲ ಸುತ್ತಿಬರಲು. ಕೊಳದ ದಂಡೆಯಲ್ಲಿ ಗೋಡೆಯಣ್ಣ ಒಬ್ಬನೇ ನಿಂತಿದ್ದ. ಎರಡೂ ಕೈ ಜೋತುಬಿದ್ದಿದ್ದವು, ನೋಟ ನೀರಿನ ಮೇಲಿತ್ತು. ಮುಖ್ಯಸ್ಥ ಕರೆದ. ತಿರುಗಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡ. ಹೊರಟುಹೋಗುತ್ತಿದ್ದನೋ ಏನೋ, ಅಷ್ಟರಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು, ಗೋಡೆಯಣ್ಣನ ಮನೆಯ ಫ್ಯಾನು. ಆಮೇಲೆ ಯಾರೋ ಮೂಗು ಸೇದಿದ ಸದ್ದು. ಅಳುತ್ತಿದ್ದಾನೆ. ಅಷ್ಟು ಗಟ್ಟಿ ಮನುಷ್ಯ ಅಳುತ್ತಿದ್ದಾನೆ.

ಅದನ್ನು ಕೇಳಿ ಮುಖ್ಯಸ್ಥನಿಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿ ನಿಂತು ಎಲ್ಲ ಒಪ್ಪಿಕೊಂಡ. ಡ್ರಾಯರಿನ ಕಾಗದ, ಹದಿನೈದು ದಿನ, ಕೊನೆಯ ಬೀದಿ, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಬಿಕ್ಕಳಿಸಿ, ಮಾತು ಕಲಸಿಹೋಗಿ, ಕೊನೆಗೆ ಕ್ಷಮಿಸಿ ಅಣ್ಣ, ಕ್ಷಮಿಸಿ ಎನ್ನುವುದಷ್ಟೇ ಉಳಿಯಿತು. ಆಗ ಗೋಡೆಯಣ್ಣನ ತಲೆ ನೀರಿನಿಂದ ಮೇಲೆದ್ದಿತು. ಅವನ ಕಡೆಗೆ ಅರ್ಧ ತಿರುಗಿತು. ಮೆಲ್ಲಗೆ ಒಂದು ಸಲ ತಗ್ಗಿ, ಮೆಲ್ಲಗೆ ಎದ್ದಿತು.

ಒಂದು ತಿಂಗಳಿಂದ ನಿದ್ದೆ ಇಲ್ಲದವನು ಆ ಮಧ್ಯಾಹ್ನ ಸೋಫಾದ ಮೇಲೆ ಬಿದ್ದು ಹೆಣದ ಹಾಗೆ ನಿದ್ದೆ ಮಾಡಿದ. ಸಂಜೆ ಐದಕ್ಕೆ ಚಿತ್ರಗಾರ್ತಿಯ ಫೋನು ಎಬ್ಬಿಸಿತು. ಗೋಡೆಯಣ್ಣ ನಿನ್ನೆ ಮಧ್ಯಾಹ್ನವೇ ತೀರಿಕೊಂಡರಂತೆ ಎಂದಳು.

*

ಮನೆ ಸೇರಿದಾಗ ಐದೂವರೆ. ಬಂದವರೆಲ್ಲ ಹೋಗಿದ್ದರು. ಹಾಲಿನಲ್ಲಿ ತೀರಿಕೊಂಡವನ ಅಕ್ಕ ದಿಂಬಿಗೆ ಒರಗಿ ಕಣ್ಣುಮುಚ್ಚಿದ್ದಳು. ಹೆಂಡತಿಯ ತಮ್ಮ ಕಡತಂದ ಕುರ್ಚಿಗಳನ್ನು ಮಡಚಿಡುತ್ತಿದ್ದ. ಹೆಂಡತಿ ಮುಖ್ಯಸ್ಥನನ್ನು ಒಳಗಿನ ಚಿಕ್ಕ ಕೋಣೆಗೆ ಕರೆದೊಯ್ದಳು.

ಗೋಡೆಯಣ್ಣ ಕೆಲಸ ಮಾಡುತ್ತಿದ್ದ ಕೋಣೆ. ನಡುವೆ ಏನೂ ಇಲ್ಲದ ನೆಲ, ಮೂಲೆಗೆ ಸರಿಸಿದ ಎರಡು ಕುರ್ಚಿ. ನಾಲ್ಕೂ ಗೋಡೆಗಳಲ್ಲಿ ಎದೆಯ ಮಟ್ಟಕ್ಕೆ ಅಂಗೈ ತಾಗಿ ತಾಗಿ ಬಣ್ಣ ಮಾಸಿತ್ತು. ಪುಸ್ತಕದ ಕಪಾಟಿನ ಮೇಲೆ, ನಿಂತ ಮನುಷ್ಯನ ಮುಖದ ಎತ್ತರಕ್ಕೆ ಸರಿಯಾಗಿ, ಹೆಡ್‌ಸೆಟ್ ಇತ್ತು. ವೈರು ಗೋಡೆಯ ಪ್ಲಗ್ಗಿನಲ್ಲಿತ್ತು. ಪಕ್ಕದಲ್ಲಿ ಸಣ್ಣ ಬಿಳಿ ದೀಪ ಉರಿಯುತ್ತಿತ್ತು. ಅದರೊಳಗಿಂದ ಬಹಳ ಜನ ಪಿಸುಗುಟ್ಟುವ ಸದ್ದು ಬರುತ್ತಿತ್ತು.

"ಇದನ್ನ ಅವರ ಮುಖದಿಂದ ನಾನೇ ತೆಗೆದೆ," ಎಂದಳು. "ಹೇಗೆ ಆರಿಸೋದು ಅಂತ ಗೊತ್ತಿಲ್ಲ. ಆರಿಸೋಕೆ ಮನಸ್ಸೂ ಬರ್ಲಿಲ್ಲ." ಸ್ವಲ್ಪ ತಡೆದು, "ನಿನ್ನೆ ಇದರೊಳಗೆ ಅಳ್ತಿದ್ದೋರು ನೀವೇ ತಾನೆ?"

ಅವನು ಹೌದೆಂದ.

"ಮೆಟ್ಟಿಲ ಮೇಲೆ ದನಿ ಕೇಳಿದ ಕೂಡ್ಲೇ ಗೊತ್ತಾಯ್ತು."

ಅವಳು ನಡೆದದ್ದನ್ನು ಹೇಳಿದಳು. ಗಂಡನಿಗೆ ತೊಡಿಸಲು ಒಳ್ಳೆಯ ಅಂಗಿ ಹುಡುಕಿಕೊಂಡು ಈ ಕೋಣೆಗೆ ಬಂದಿದ್ದಳಂತೆ. ಅಂಗಿ ಹಿಡಿದುಕೊಂಡು ಅಳುತ್ತ ನಿಂತಿದ್ದಾಗ ಕಪಾಟಿನ ಮೇಲಿಂದಲೂ ಯಾರೋ ಅಳುವುದು ಕೇಳಿತಂತೆ. ಮಾತು ಪೂರ್ತಿ ತಿಳಿಯಲಿಲ್ಲ. ಅಣ್ಣ, ಕ್ಷಮಿಸಿ ಅಂದದ್ದು ಮಾತ್ರ ತಿಳಿಯಿತು. ಒಮ್ಮೆ ಧೂಳು ಒರೆಸುವಾಗ ಅವಳು ಇದನ್ನು ಎತ್ತಿ ಅತ್ತಿತ್ತ ತಿರುಗಿಸಿದ್ದಳಂತೆ. ಊರ ಜನದ ಮುಂದೆ ನನ್ನ ಕುತ್ತಿಗೆ ತಿರುಚಿದೆಯಲ್ಲೇ ಎಂದು ಗಂಡ ವಾರವೆಲ್ಲ ಹೇಳಿಕೊಂಡು ನಕ್ಕಿದ್ದನಂತೆ. ಹಾಗಾಗಿ ಏನು ಮಾಡಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಯಾರೋ ಪಾಪ ಅಷ್ಟು ಅಳ್ತಿದ್ದಾರೆ. ಇವರಿದ್ದಿದ್ರೆ ಹೂಂ ಅಂತಿದ್ರು. ಅದಕ್ಕೆ ನಾನೇ ಬಗ್ಗಿಸಿದೆ," ಎಂದಳು. ಆಮೇಲೆ ಅವನ ಮುಖ ನೋಡಿ, "ಅಂಥದ್ದು ಏನು ಮಾಡಿದ್ರಿ ನೀವು?" ಎಂದು ಕೇಳಿದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಹೇಳದೆ ನುಣುಚಿಕೊಳ್ಳಬಹುದಿತ್ತು. ಕೆಲಸದ ಮೇಲಿನ ಒಂದು ಸಣ್ಣ ಮನಸ್ತಾಪ ಎಂದಿದ್ದರೆ ಅವಳು ನಂಬುತ್ತಿದ್ದಳು, ಆ ಹೂಂ ಅವನಿಗೆ ಉಳಿಯುತ್ತಿತ್ತು. ಮೂಲೆಯ ಕುರ್ಚಿಯನ್ನು ಎಳೆದುಕೊಂಡು ಕೂತು, ಅವನು ಎರಡನೆಯ ಸಲ ಎಲ್ಲವನ್ನೂ ಹೇಳಿದ. ಈ ಸಲ ಅಳಲಿಲ್ಲ. ಆದ್ದರಿಂದ ಒಂದೊಂದು ಮಾತೂ ಬಿಡಿಸಿ ಕೇಳಿಸಿತು.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಆ ಊರಲ್ಲಿ ನನ್ನಕ್ಕ ಇದ್ದಾಳೆ," ಎಂದಳು. "ಮನೆ ಕೂಡ ನೋಡಿ ಬಂದಿದ್ವಿ. ಒಂದೂ ಮೆಟ್ಟಿಲು ಹತ್ತೋ ಹಾಗಿಲ್ಲ, ನಿನ್ನ ಗಂಡನ ಕಾಲಿಗೆ ಒಳ್ಳೇದು ಅಂದಿದ್ಲು. ನಾನು ಪಾತ್ರೆ ಕಟ್ಟೋಕೂ ಶುರು ಮಾಡಿದ್ದೆ." ಸೆರಗಿನಿಂದ ಅಂಗೈ ಒರೆಸಿಕೊಂಡಳು. "ಅಲ್ಲಿಯವರೇ ಬೇಡ ಅಂದ್ಬಿಟ್ರು ಕಣೇ ಅಂತ ಹೇಳಿದ್ರು ನನಗೆ. ನಿಮ್ಮ ಹೆಸರೇ ಎತ್ಲಿಲ್ಲ."

ಮುಖ್ಯಸ್ಥನಿಗೆ ಅದು ಗೊತ್ತಿರಲಿಲ್ಲ. ತನ್ನ ಮಾತಿಗೆ ಒರಗಿ ಬಿದ್ದವನು ಮನೆಗೆ ಬಂದು ತಪ್ಪು ಬೇರೆ ಯಾರದೋ ಎಂದು ಹೇಳಿ ಇವನನ್ನು ಕಾಪಾಡಿದ್ದ. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಹಾಲಿನ ಗಡಿಯಾರದಲ್ಲಿ ಆರಕ್ಕೆ ಎರಡು ನಿಮಿಷವಿತ್ತು. ಹೆಡ್‌ಸೆಟ್ಟಿನೊಳಗೆ ಪಿಸುಮಾತು ನಿಂತುಹೋಗಿತ್ತು; ಅಷ್ಟು ಜನವೂ ಬಾಯಿಮುಚ್ಚಿ ಕಾಯುತ್ತಿದ್ದರು. ಅವಳು ಎದ್ದು ಕಪಾಟಿನ ಬಳಿ ಹೋದಳು. ಮಗುವಿನ ತಲೆ ಎತ್ತುವಂತೆ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಬಂದು ಅವನ ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತಳು.

ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವ ಮುಖ ಅವನಿಗಿರಲಿಲ್ಲ. ಆದರೂ ಕಣ್ಣು ಅವಳ ಮಣಿಕಟ್ಟಿನ ಮೇಲೇ ಇತ್ತು. ಒಂದು ಸಲ ತಗ್ಗಿದರೆ ಸಾಕಿತ್ತು.

ಅವಳು ಹೆಡ್‌ಸೆಟ್ಟನ್ನು ಕೂತ ಗಂಡಸಿನ ಮುಖದ ಎತ್ತರಕ್ಕೆ ಹಿಡಿದಳು. ಅದರ ಕಪ್ಪು ಮುಂಭಾಗವನ್ನು ನೇರವಾಗಿ ಅವನ ಕಡೆಗೆ ತಿರುಗಿಸಿದಳು. ಅದು ತಗ್ಗಲೂ ಇಲ್ಲ, ಅತ್ತಿತ್ತ ಅಲುಗಲೂ ಇಲ್ಲ. ಅವಳು ಮಣಿಕಟ್ಟನ್ನು ಬಗ್ಗದಂತೆ ಬಿಗಿಹಿಡಿದಿದ್ದಳು.

ಆರು ಗಂಟೆಯಾಯಿತು; ನೀರೂರು ನಿಂತು ಬಿಳಿ ದೀಪ ಆರಿತು. ಹಾಲಿನಲ್ಲಿ ಕುರ್ಚಿ ಮಡಚುವ ಸದ್ದು ಮುಗಿದು, ಅವಳ ತಮ್ಮ ಬಂದು ಬಾಗಿಲಲ್ಲಿ ನಿಂತು, ಏನೂ ತಿಳಿಯದೆ ಹಿಂದಕ್ಕೆ ಹೋದ. ಅವಳು ಅದನ್ನು ಹಾಗೆಯೇ ಎತ್ತಿ ಹಿಡಿದಿದ್ದಳು.