ಎರಡು ಲೋಟ ನೀರು

ನೆಲದಡಿಯ ಟ್ಯಾಂಕ್ ಸೋರಿದರೆ ಮೊದಲು ತಿಳಿಯುವುದು ತನ್ನ ಮೂಗಿಗೇ ಎಂದು ಕೊಚ್ಚಿಕೊಳ್ಳುತ್ತಿದ್ದ ಹಿರಿಯ ಕೆಲಸಗಾರನಿಗೆ ಪೆಟ್ರೋಲ್ ಬಂಕಿನವರೆಲ್ಲ ಮೂಗಣ್ಣ ಎಂದೇ ಹೆಸರಿಟ್ಟಿದ್ದರು.

ತರಬೇತಿ ಕೊಡಲು ಬಂದ ಮೇಡಂ ಅವನ ಮುಂದೆ ಎರಡು ಲೋಟ ನೀರಿಟ್ಟರು. "ಒಂದಕ್ಕೆ ಎರಡು ಹನಿ ಪೆಟ್ರೋಲ್ ಹಾಕಿದ್ದೀನಿ. ಯಾವುದು ಹೇಳಿ."

ಮೂಗಣ್ಣ ಠೀವಿಯಿಂದ ಎರಡನ್ನೂ ಮೂಸಿದ. ಮೂವತ್ತು ವರ್ಷ ಅದೇ ಗಾಳಿ ಕುಡಿದ ಮೂಗಿಗೆ ಏನೂ ಹತ್ತಲಿಲ್ಲ. "ಎರಡೂ ಬರೀ ನೀರಮ್ಮ," ಎಂದ.

ಊಟದ ಡಬ್ಬಿ ತಂದಿದ್ದ ಮಗಳು ಹತ್ತಿರ ಬಂದವಳೇ ಮೂಗು ಮುಚ್ಚಿಕೊಂಡಳು. "ಎರಡೂ ಪೆಟ್ರೋಲ್ ನಾರ್ತಿದೆ ಅಪ್ಪ."

ಮೇಡಂ ಮುಖ ಬಿಳಿಚಿಕೊಂಡಿತು. "ಇನ್ನೊಂದು ನಿಮ್ಮ ಬಂಕಿನ ಬೋರ್‌ವೆಲ್ ನೀರು. ಅದಕ್ಕೆ ನಾನೇನೂ ಹಾಕಿಲ್ಲ," ಎನ್ನುತ್ತಲೇ ಪಂಪುಗಳನ್ನು ನಿಲ್ಲಿಸಲು ಓಡಿದರು.

ಮಗಳು ಕದಲಲಿಲ್ಲ. "ಅಪ್ಪ, ಬೆಳಿಗ್ಗೆ ನನ್ನ ಪಾಪುನ ಸ್ಕೂಲಿಗೆ ಬಿಡೋವಾಗ ಬಾಟಲಿಗೆ ನೀನು ನೀರು ಎಲ್ಲಿ ತುಂಬಿಸಿದೆ?"