ಭೀಮವ್ವ ಒಗೆದ ಪುಸ್ತಕ

ವಡ್ಡು ಎಂಬ ಊರಿನ ಭೀಮವ್ವ ಒಗೆಯದೆ ಬಿಟ್ಟ ವಸ್ತು ಭೂಮಿಯ ಮೇಲೆ ಒಂದೂ ಇರಲಿಲ್ಲ. ಚೀನಾಕ್ಕೆ ಅದಿರು ಬೇಕಾಗಿ ಲಾರಿಗಳು ಹುಚ್ಚು ಹಿಡಿದಂತೆ ಓಡುತ್ತಿದ್ದ ವರ್ಷಗಳವು. ಊರಿನ ಮೇಲೆ ದಿನಕ್ಕೊಂದು ಗುಡ್ಡದಷ್ಟು ಕೆಂಪು ಧೂಳು ಬೀಳುತ್ತಿತ್ತು. ಕಾಗೆಗಳು ಕೂಡ ಕೆಂಪಾಗಿ, ತಮ್ಮ ಮರಿ ಯಾವುದೆಂದು ತಿಳಿಯದೆ ಪಕ್ಕದ ಗೂಡಿಗೆ ಗುಟುಕು ಕೊಟ್ಟು ಬರುತ್ತಿದ್ದವು. ದಿನವಿಡೀ ಗಣಿಯಲ್ಲಿ ಅದಿರು ಕಲ್ಲು ಆರಿಸಿ, ಸೊಂಟ ಹಿಡಿದುಕೊಂಡು ಬರುವ ಭೀಮವ್ವ, ಮನೆಗೆ ಬಂದದ್ದನ್ನೆಲ್ಲ ಹಿತ್ತಲಿನ ಒಗೆಯುವ ಕಲ್ಲಿಗೆ ಸಾಗಿಸುತ್ತಿದ್ದಳು. ಲಾರಿ ಓಡಿಸುವ ಗಂಡ ಎರ್ರಿಯಪ್ಪನ ಅಂಗಿ, ಚಪ್ಪಲಿ, ಎಮ್ಮೆ, ದೇವರ ಪಟ, ಒಮ್ಮೆ ಉಂಡು ಮಲಗಿದ್ದ ನೆಂಟನನ್ನೂ ಬಿಟ್ಟಿರಲಿಲ್ಲ. ತೊಳೆಯದ್ದು ಹೊಸ್ತಿಲು ದಾಟಬಾರದು, ಅಷ್ಟೇ.

ಆ ಶನಿವಾರ ಸಂಜೆ ಅವಳು ಮಗಳು ಅಂಜಲಿಯ ಚೀಲ ಒಗೆದಳು. ಚೀಲದೊಳಗೆ ಕಾಲೇಜು ಲೈಬ್ರರಿಯ ಪುಸ್ತಕವಿತ್ತು. ಅದನ್ನೂ ಸಬಕಾರ ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಎರಡು ಸಲ ಹಿಂಡಿ, ತಂತಿಗೆ ನೇತುಹಾಕಿದಳು.

ಅಂಜಲಿ ಅವ್ವನ ಸೊಂಟನೋವಿಗೆಂದು ಹೊಸಪೇಟೆಯಿಂದ ತಂದಿದ್ದ ಔಷಧಿ ಅಂಗಡಿಯ ಪೊಟ್ಟಣ ಕೈಯಲ್ಲಿ ಹಿಡಿದೇ ತಂತಿಯ ಮುಂದೆ ನಿಂತಳು. ಸಿಟ್ಟು ಮಾಡುವಷ್ಟು ತ್ರಾಣವಿರಲಿಲ್ಲ.

"ಯವ್ವಾ, ಪುಸ್ತಕ ಯಾರಾದ್ರೂ ಒಗೀತಾರೇನು?"

"ಮುಟ್ಟಿದ್ರ ಕೈ ಕೆಂಪಾಗ್ತಿತ್ತಲೇ. ಅಂಥಾದ್ದನ್ನ ಮಾಸ್ತರ ಕೈಯಾಗ ಹೆಂಗ ಕೊಡ್ತಿ? ನಮ್ಮನ್ನ ಏನಂದಾರು?" ಭೀಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡೀಗ, ಎಷ್ಟು ಬೆಳ್ಳಗಾಗೇತಿ."

ಬೆಳ್ಳಗಾಗಿದ್ದು ನಿಜ. ಪುಸ್ತಕದ ಕೊನೆಯ ಎಂಟು ಪುಟ ಗಂಜಿಯಾಗಿ ಬ್ರಷ್ಷಿಗೆ ಅಂಟಿಕೊಂಡಿದ್ದವು.

ಅಂಜಲಿಗೆ ಈಗ ಒಂದೇ ಚಿಂತೆ, ಲೈಬ್ರರಿ ಕಾರ್ಡು. ಬಿ.ಎ. ಮೂರನೇ ವರ್ಷದ ಈ ಹುಡುಗಿಗೆ ಅದು ಬಿಟ್ಟರೆ ಪುಸ್ತಕ ಸಿಗುವ ದಾರಿಯಿರಲಿಲ್ಲ. ಅವಳು ಓದುತ್ತಿದ್ದುದೆಲ್ಲ ಬಸ್ಸಿನಲ್ಲಿ. ಹೊಸಪೇಟೆ ದಾರಿಯಲ್ಲಿ ಲಾರಿಗಳ ಸಾಲು ಎಷ್ಟು ಹೊತ್ತು ನಿಲ್ಲುತ್ತಿತ್ತೆಂದರೆ, ಕಂಕುಳಲ್ಲಿ ಬಸ್ಸು ಹತ್ತಿದ ಕೂಸುಗಳು ನಡೆದುಕೊಂಡು ಇಳಿಯುತ್ತಿದ್ದವು. ಒಂದು ಟಿಕೀಟಿಗೆ ಎರಡು ಕಾದಂಬರಿ ಮುಗಿಯುತ್ತಿದ್ದವು. ಹೀಗೆ ಮೂರು ವರ್ಷದಲ್ಲಿ ಮುಕ್ಕಾಲು ಲೈಬ್ರರಿ ನುಂಗಿದ್ದಳು. ಮೊದಲ ವರ್ಷ ತಾನೂ ಪುಸ್ತಕ ಬರೆಯಬೇಕೆಂದಿದ್ದಳು. ಎರಡನೇ ವರ್ಷ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದಳು. ಈ ವರ್ಷ ಆಸೆ ಇನ್ನಷ್ಟು ಸವೆದು, ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕರೆ ಸಾಕೆನ್ನುವಲ್ಲಿಗೆ ಬಂದಿತ್ತು. ಆದರೂ ಎಂ.ಎ. ಪ್ರವೇಶ ಪರೀಕ್ಷೆಯ ಅರ್ಜಿ ಹಾಕಿದ್ದಳು. ಕಾರ್ಡು ಹೋದರೆ ಅದೂ ಹೋದಂತೆ.

ಲೈಬ್ರರಿಯನ್ ವಿದ್ಯಾಧೀಶರು ಕಾರ್ಡು ಕಿತ್ತುಕೊಳ್ಳುವುದರಲ್ಲಿ ಎತ್ತಿದ ಕೈ. ಅವರ ಅಪ್ಪಣೆಯಿಲ್ಲದೆ ಅಲ್ಲಿ ಗೆದ್ದಲು ಕೂಡ ಪುಟ ತಿರುವುತ್ತಿರಲಿಲ್ಲ. ಮಿರ್ಚಿ ಬಜ್ಜಿಯ ಎಣ್ಣೆ ಒಂದೇ ಒಂದು ಹನಿ ಬಿದ್ದಿದ್ದಕ್ಕೆ ಅವಳ ತರಗತಿಯ ಹುಲುಗೇಶನ ಕಾರ್ಡು ಡ್ರಾಯರ್ ಸೇರಿ ಎಂಟು ತಿಂಗಳಾಗಿತ್ತು. ಇನ್ನೊಂದು ಪ್ರತಿ ಕೊಂಡು ತರೋಣವೆಂದರೆ, ಅವ್ವ ಒಗೆದ ಆ ಕಾದಂಬರಿ ಅಚ್ಚಾಗುವುದು ನಿಂತೇ ಮೂವತ್ತು ವರ್ಷವಾಗಿತ್ತು.

ಭಾನುವಾರವೆಲ್ಲ ಅಂಜಲಿ ನೆನಪಿನಿಂದಲೇ ಎಂಟು ಪುಟ ಬರೆದಳು. ಕಂಬಳಿ ಮಾರಲು ಹೋದ ಮುದುಕನೊಬ್ಬ ಮುನ್ನೂರು ಪುಟ ನಡೆದು ಊರಿಗೆ ಮರಳುವ ಕಥೆ ಅದು. ಆರು ಪುಟ ಮುತ್ತಿನಂಥ ಅಕ್ಷರದಲ್ಲಿ ಇದ್ದದ್ದು ಇದ್ದ ಹಾಗೆ ಇಳಿದವು. ಏಳನೆಯದಕ್ಕೆ ಬಂದಾಗ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ಬರೆದು ಮುಗಿಸಿ, ಹಾಳೆಗಳನ್ನು ಪುಸ್ತಕಕ್ಕೆ ಹೊಲಿದು, ಮಲಗಿದಳು.

ಸೋಮವಾರ ವಿದ್ಯಾಧೀಶರು ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಅದು ಉಬ್ಬಿ ದಿಂಬಾಗಿತ್ತು.

"ಇದೇನಮ್ಮಾ, ಪುಸ್ತಕಕ್ಕ ಜಲೋದರ ಆಗ್ಯದ?"

"ಅವ್ವ ಒಗದಾಳ್ರಿ ಸರ್."

"ಒಗದಾಳ?"

"ಎರಡು ಸಲ ಹಿಂಡ್ಯಾಳ್ರಿ."

ಪೇಪರು ಓದುತ್ತಿದ್ದ ಹುಲುಗೇಶ ತಲೆ ಎತ್ತಿದ. "ಇನ್ನ ಇಸ್ತ್ರಿ ಒಂದು ಬಾಕಿ ಐತಿ ಬಿಡ್ರಿ ಸರ್."

"ನೀ ಸುಮ್ಮನಿರಪ್ಪಾ. ನಿನ್ನ ಎಣ್ಣಿ ಇನ್ನೂ ಆರಿಲ್ಲ."

ಅವರು ಕನ್ನಡಕ ಸರಿಮಾಡಿಕೊಂಡು ಕೈಬರಹದ ಪುಟಗಳನ್ನು ಓದತೊಡಗಿದರು. ಆ ಎಂಟು ಪುಟಕ್ಕೆ ಒಂದು ಯುಗ ತೆಗೆದುಕೊಂಡರು. ಕೊನೆಗೆ ಅಂಜಲಿಯ ಕಾರ್ಡು ತೆಗೆದು ಬೆರಳ ನಡುವೆ ಹಿಡಿದರು. ಡ್ರಾಯರ್ ಅರ್ಧ ತೆರೆದಿತ್ತು.

"ಮುದುಕ ಸಾಯ್ತಾನಮ್ಮಾ. ಊರು ಕಾಣೋ ದಿಬ್ಬದ ಮ್ಯಾಲೆ. ನಾ ಓದೀನಿ ಇದನ್ನ. ನೀ ಅವನ್ನ ಮನಿಗೆ ಕಳಿಸೀದಿ."

ಮರೆತೆ ಎಂದು ಹೇಳಬಹುದಿತ್ತು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಹುರುಪು ಬೇಕು, ಅವಳಲ್ಲಿ ಅದಿರಲಿಲ್ಲ.

"ಗೊತ್ತೈತ್ರಿ ಸರ್. ಅಷ್ಟು ದೂರ ನಡದು ಬಂದಾನಲ್ರಿ. ಇನ್ನ ಎರಡು ಫರ್ಲಾಂಗು ಇತ್ತು. ಸಾಯಿಸಾಕ ಕೈ ಬರಲಿಲ್ಲ."

"ಮತ್ತೊಬ್ಬರು ಬರದದ್ದರಾಗ ಕೈ ಆಡಿಸೋದು ತಪ್ಪು."

"ಹೌದ್ರಿ."

"ಎಣ್ಣಿ ಕಲೆಗಿಂತ ದೊಡ್ಡ ತಪ್ಪು."

"ಹೌದ್ರಿ ಸರ್."

ವಿದ್ಯಾಧೀಶರು ಮತ್ತೊಮ್ಮೆ ಕೊನೆಯ ಪುಟ ತೆಗೆದರು. ಮುದುಕ ಕಂಬಳಿ ಇಳಿಸಿ, ಕಟ್ಟೆಯ ಮೇಲೆ ಕೂತು, ಸೊಸೆ ತಂದ ಚೊಂಬಿನ ನೀರಿನಲ್ಲಿ ಕಾಲು ತೊಳೆದುಕೊಳ್ಳುವ ಕಡೆ ಅವರ ಬೆರಳು ನಿಂತಿತು. ಮೂವತ್ತೊಂದು ವರ್ಷ ಅದೇ ಕುರ್ಚಿಯಲ್ಲಿ ಕೂತು ಪುಸ್ತಕಗಳ ಧೂಳು ಒರೆಸಿದ ಮನುಷ್ಯ. ಅವರ ನಿಟ್ಟುಸಿರಿಗೆ ಮೇಜಿನ ಮೇಲಿನ ಪೇಪರುಗಳು ಸಂಡೂರಿನವರೆಗೆ ಹಾರಿ ಹೋಗಬೇಕಿತ್ತು, ಹುಲುಗೇಶ ಹಿಡಿದುಕೊಂಡ.

"ಕೆಳಗ ಜಾಗ ಅದ. ಏನಾಗ್ಯದ ಅಂತ ಬರಿ. ಓದೋರಿಗೆ ಮೋಸ ಆಗಬಾರದು. ಹೆಸರು ಹಾಕು."

ಅಂಜಲಿ ಮೇಜಿಗೆ ಒರಗಿ ನಿಂತೇ ಬರೆದಳು: 'ಮೂಲದಲ್ಲಿ ಮುದುಕ ದಿಬ್ಬದ ಮೇಲೆ ಸಾಯುತ್ತಾನೆ. ನಮ್ಮವ್ವ ಪುಸ್ತಕ ಒಗೆದ ಕಾರಣ ಇಲ್ಲಿ ಮನೆ ಮುಟ್ಟಿದ್ದಾನೆ. ಅಂಜಲಿ, ಬಿ.ಎ. ಮೂರನೇ ವರ್ಷ, ವಡ್ಡು.'

ವಿದ್ಯಾಧೀಶರು ಅದನ್ನು ಓದಿದರು. ನಗಲಿಲ್ಲ. ಶಾಯಿಪ್ಯಾಡಿಗೆ ಸೀಲು ಒತ್ತಿ, ಎಂಟೂ ಪುಟಕ್ಕೆ ಒಂದೊಂದಾಗಿ ಕಾಲೇಜಿನ ಮುದ್ರೆ ಹೊಡೆದರು. ಡ್ರಾಯರ್ ಮುಚ್ಚಿ ಕಾರ್ಡನ್ನು ಅವಳತ್ತ ಸರಿಸಿದರು.

"ಮುಂದ ಯಾವುದು ಕೊಡ್ಲಿ?"

"ಇವತ್ತು ಬ್ಯಾಡ್ರಿ ಸರ್," ಎಂದಳು ಅಂಜಲಿ, ಕಾರ್ಡು ಎತ್ತಿಕೊಳ್ಳುತ್ತ. "ಅವನ್ನ ಮನಿ ಮುಟ್ಸೋದ್ರಾಗ ಸಾಕಾಗಿ ಹೋಗೇತಿ."